ನೆಲೆ ಉಂಟು, ನೆಲೆಸುವ ಹಕ್ಕಿಲ್ಲ

ಭಾರತದ ಸಂವಿಧಾನದ ಮೂರನೆಯ ಭಾಗವು ಮೂಲಭೂತ ಹಕ್ಕುಗಳನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚುವುದಿಲ್ಲ. ಅದರ ಕೆಲವು ವಿಧಿಗಳು ನಾಗರಿಕರಿಗೆ ಮಾತ್ರ ಮೀಸಲಾಗಿದ್ದರೆ, ಇನ್ನು ಕೆಲವು ಈ ನೆಲದ ಮೇಲಿರುವ ಯಾವುದೇ ವ್ಯಕ್ತಿಗೆ, ಅವನ ಬಳಿ ಪಾಸ್‌ಪೋರ್ಟ್ ಇರಲಿ ಇಲ್ಲದಿರಲಿ, ಅನ್ವಯಿಸುತ್ತವೆ. ಕಾನೂನಿನ ಮುಂದಿನ ಸಮಾನತೆಯನ್ನು ಹೇಳುವ 14ನೆಯ ವಿಧಿ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ 21ನೆಯ ವಿಧಿ, ಬಂಧಿತನಿಗೆ ಬಂಧನದ ಕಾರಣ ತಿಳಿಸಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆನ್ನುವ 22ನೆಯ ವಿಧಿ, ಜೀತ ಮತ್ತು ಮಾನವ ಸಾಗಣೆಯನ್ನು ನಿಷೇಧಿಸುವ 23ನೆಯ ವಿಧಿ, ಧರ್ಮವನ್ನು ಆಚರಿಸುವ ಸ್ವಾತಂತ್ರ್ಯ ಕೊಡುವ 25ನೆಯ ವಿಧಿ ಇವೆಲ್ಲ ಎರಡನೆಯ ಗುಂಪಿಗೆ ಸೇರಿದವು. ಮಾತನಾಡುವ, ಸಭೆ ಸೇರುವ, ಸಂಘ ಕಟ್ಟುವ, ದೇಶದಲ್ಲಿ ಎಲ್ಲಿ ಬೇಕಾದರೂ ಓಡಾಡುವ ಮತ್ತು ನೆಲೆಸುವ ಹಕ್ಕುಗಳನ್ನು ಒಟ್ಟಿಗೆ ಕೊಡುವ 19ನೆಯ ವಿಧಿಯಾದರೋ ನಾಗರಿಕರಿಗೇ ಸೀಮಿತವಾಗಿದೆ. ವಲಸಿಗನ ಹಕ್ಕುಗಳ ಕುರಿತು ಭಾರತದ ನ್ಯಾಯಾಲಯಗಳಲ್ಲಿ ಏಳು ದಶಕಗಳಿಂದ ನಡೆದಿರುವ ವಾದಗಳೆಲ್ಲ ಹೆಚ್ಚುಕಡಿಮೆ ಈ ಗೆರೆಯ ಸುತ್ತಲೇ ಸುತ್ತಿವೆ.

ಗೆರೆಯ ಒಂದು ಬದಿಯಲ್ಲಿ ಕಾನೂನು ಎಷ್ಟು ಉದಾರವಾಗಿ ನಿಲ್ಲಬಲ್ಲದೆಂಬುದಕ್ಕೆ ಎರಡು ತೀರ್ಪುಗಳು ಸಾಕ್ಷಿ. ಪೂರ್ವ ಪಾಕಿಸ್ತಾನದಲ್ಲಿ ಕಪ್ತಾಯಿ ಅಣೆಕಟ್ಟಿನ ಹಿನ್ನೀರಿಗೆ ಹೊಲ ಮನೆ ಕಳೆದುಕೊಂಡು 1964ರ ಸುಮಾರಿಗೆ ಭಾರತಕ್ಕೆ ಬಂದ ಚಕ್ಮಾ ಜನರನ್ನು ಅರುಣಾಚಲ ಪ್ರದೇಶದಿಂದ ಓಡಿಸುತ್ತೇವೆಂದು ಸ್ಥಳೀಯ ಸಂಘಟನೆಗಳು ಗಡುವು ಕೊಟ್ಟಾಗ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೇ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ನಾಗರಿಕನಾಗಿರಲಿ ಅಲ್ಲದಿರಲಿ, ಪ್ರತಿಯೊಬ್ಬ ಮನುಷ್ಯನ ಜೀವವನ್ನು ಕಾಯುವುದು ರಾಜ್ಯದ ಕರ್ತವ್ಯವೆಂದು ನ್ಯಾಯಾಲಯ 1996ರಲ್ಲಿ ಹೇಳಿತಲ್ಲದೆ, ಅವರ ಪೌರತ್ವದ ಅರ್ಜಿಗಳನ್ನು ಜಿಲ್ಲಾಡಳಿತ ತಡೆಹಿಡಿಯದೆ ಕೇಂದ್ರಕ್ಕೆ ಕಳುಹಿಸಬೇಕೆಂದೂ ಆದೇಶಿಸಿತು. ನಾಲ್ಕು ವರ್ಷಗಳ ಬಳಿಕ, ಹೌರಾ ರೈಲು ನಿಲ್ದಾಣದ ಯಾತ್ರಿನಿವಾಸದಲ್ಲಿ ಬಾಂಗ್ಲಾದೇಶದ ಮಹಿಳೆಯೊಬ್ಬರ ಮೇಲೆ ನಡೆದ ಸಾಮೂಹಿಕ ಅತ್ಯಾಚಾರದ ಪ್ರಕರಣದಲ್ಲಿ, ಆಕೆ ವಿದೇಶಿಯಾದ್ದರಿಂದ ಪರಿಹಾರ ಕೇಳಲು ಬಾರದೆಂಬ ವಾದವನ್ನು ತಳ್ಳಿಹಾಕಿದ ಸರ್ವೋಚ್ಚ ನ್ಯಾಯಾಲಯ, ಕಲ್ಕತ್ತಾ ಹೈಕೋರ್ಟು ವಿಧಿಸಿದ್ದ 10 ಲಕ್ಷ ರೂಪಾಯಿಗಳ ಪರಿಹಾರವನ್ನು ಎತ್ತಿಹಿಡಿಯಿತು. ದೇಶಕ್ಕೆ ಬಂದವರು ಅತಿಥಿಯೇ ಇರಲಿ, ಅಪರಿಚಿತರೇ ಇರಲಿ, ಅವರ ದೇಹ ಮತ್ತು ಮಾನಕ್ಕೆ ಸಂವಿಧಾನವೇ ಕಾವಲೆಂಬ ನಿಲುವೇ ಈ ಎರಡೂ ತೀರ್ಪುಗಳದು.

ಗೆರೆಯ ಇನ್ನೊಂದು ಬದಿಗೆ ಬಂದರೆ ಚಿತ್ರವೇ ಬೇರೆ. ಹ್ಯಾನ್ಸ್ ಮುಲ್ಲರ್ ಎಂಬ ಜರ್ಮನ್ ಪ್ರಜೆಯ ಪ್ರಕರಣದಲ್ಲಿ 1955ರಲ್ಲೇ ಸಂವಿಧಾನ ಪೀಠವು, ವಿದೇಶಿಯನ್ನು ಹೊರಹಾಕುವ ಸರ್ಕಾರದ ಅಧಿಕಾರಕ್ಕೆ ಕಡಿವಾಣವಿಲ್ಲವೆಂದು ತೀರ್ಮಾನಿಸಿತು. 1937ರಿಂದಲೇ ಭಾರತದಲ್ಲಿದ್ದ ಲೂಯಿ ಡಿ ರೇಟ್ ಎಂಬ ಬೆಲ್ಜಿಯಂ ಮೂಲದ ಪಾದ್ರಿಗೆ ದೇಶ ಬಿಡುವಂತೆ ಆದೇಶ ಬಂದಾಗ, ಅರ್ಧ ಶತಮಾನದ ವಾಸವೂ ಅವರ ಕೈಹಿಡಿಯಲಿಲ್ಲ. ವಿದೇಶಿಗೆ 21ನೆಯ ವಿಧಿಯ ರಕ್ಷಣೆ ಉಂಟು, ಆದರೆ ನೆಲೆಸುವ ಹಕ್ಕು 19ನೆಯ ವಿಧಿಯೊಳಗಿನದಾದ್ದರಿಂದ ಅದು ಅವರಿಗೆ ಸಲ್ಲದೆಂದು 1991ರಲ್ಲಿ ನ್ಯಾಯಾಲಯ ಹೇಳಿತು. ಜಮ್ಮುವಿನಲ್ಲಿ ಬಂಧಿತರಾಗಿದ್ದ ರೋಹಿಂಗ್ಯಾಗಳ ವಿಷಯದಲ್ಲಿ 2021ರಲ್ಲಿ ಬಂದ ಮಧ್ಯಂತರ ಆದೇಶವೂ ಇದೇ ತರ್ಕವನ್ನು ಹಿಡಿದು, ಗಡೀಪಾರಾಗದೆ ಉಳಿಯುವ ಹಕ್ಕು ನೆಲೆಸುವ ಹಕ್ಕಿನ ಕವಲಷ್ಟೇ ಎಂದಿತು. ನಿಯಮಬದ್ಧ ಕ್ರಮವನ್ನು ಪಾಲಿಸದೆ ಯಾರನ್ನೂ ಹೊರಹಾಕಕೂಡದೆಂಬ ಒಂದು ಮಾತನ್ನಷ್ಟೆ ಅದು ಸೇರಿಸಿತು. ಎರಡೂ ಬದಿಗಳನ್ನು ಕೂಡಿಸಿ ಓದಿದರೆ ಹೊರಡುವ ಅರ್ಥ ಸರಳವಾಗಿಯೂ ಕಠೋರವಾಗಿಯೂ ಇದೆ: ವಿದೇಶಿ ಇಲ್ಲಿರುವವರೆಗೆ ಅವನ ಹಕ್ಕುಗಳು ಗಟ್ಟಿ, ಆದರೆ ಇರುವುದೇ ಹಕ್ಕಲ್ಲ. ಕೂಲಿ ಕೊಡದ ಮಾಲೀಕನ ಮೇಲೆ ದೂರು ಕೊಡುವ ಹಕ್ಕು ಉಳ್ಳವನಿಗೆ, ದೂರು ಕೊಡಲು ಠಾಣೆಗೆ ಹೋದರೆ ತನ್ನ ವಾಸ್ತವ್ಯದ ಕಾಗದವನ್ನೇ ಮೊದಲು ಕೇಳುತ್ತಾರೆಂಬ ಭಯವೂ ಇದ್ದರೆ, ಆ ಹಕ್ಕು ಎಷ್ಟರಮಟ್ಟಿಗೆ ಬಳಕೆಗೆ ಬಂದೀತು?

ವಾಸ್ತವ್ಯದ ಆ ಕಾಗದವನ್ನು ಕೊಡುವ, ನವೀಕರಿಸುವ, ರದ್ದುಮಾಡುವ ಅಧಿಕಾರವೆಲ್ಲ ಶಾಸನದ್ದು. ಎರಡನೆಯ ಮಹಾಯುದ್ಧದ ಕಾಲದ ಅನುಮಾನದ ಗಾಳಿಯಲ್ಲಿ ರೂಪುಗೊಂಡ 1946ರ ವಿದೇಶಿಯರ ಅಧಿನಿಯಮವು ಸ್ವತಂತ್ರ ಭಾರತದಲ್ಲೂ ಎಂಟು ದಶಕಗಳ ಕಾಲ ಜಾರಿಯಲ್ಲಿತ್ತು. ಅದನ್ನೂ, ಪ್ರವೇಶ ಮತ್ತು ನೋಂದಣಿಗೆ ಸಂಬಂಧಿಸಿದ 1920 ಮತ್ತು 1939ರ ಕಾನೂನುಗಳನ್ನೂ, ವಿಮಾನ ಮತ್ತು ಹಡಗು ಕಂಪನಿಗಳ ಹೊಣೆಯನ್ನು ಹೇಳುವ 2000ದ ಕಾನೂನನ್ನೂ ಒಟ್ಟಿಗೆ ರದ್ದುಪಡಿಸಿ, 2025ರ ವಲಸೆ ಮತ್ತು ವಿದೇಶಿಯರ ಅಧಿನಿಯಮ ಅದೇ ವರ್ಷದ ಸೆಪ್ಟೆಂಬರ್ 1ರಂದು ಜಾರಿಗೆ ಬಂದಿತು. ಪಾಸ್‌ಪೋರ್ಟ್ ಮತ್ತು ವೀಸಾ ಇಲ್ಲದೆ ಒಳಬಂದವರಿಗೆ ಐದು ವರ್ಷಗಳವರೆಗೆ ಸೆರೆ ಅಥವಾ ಐದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ, ನಕಲಿ ದಾಖಲೆ ಬಳಸಿದವರಿಗೆ ಎರಡರಿಂದ ಏಳು ವರ್ಷಗಳ ಸೆರೆ ಮತ್ತು ಒಂದರಿಂದ ಹತ್ತು ಲಕ್ಷದವರೆಗೆ ದಂಡ, ವೀಸಾ ಅವಧಿ ಮೀರಿ ಉಳಿದವರಿಗೆ ಮೂರು ವರ್ಷಗಳವರೆಗೆ ಸೆರೆ, ಹೀಗೆ ಶಿಕ್ಷೆಗಳನ್ನು ಅದು ಹೊಸದಾಗಿ ಹೊಂದಿಸಿದೆ. ಹಳೆಯ ಕಾನೂನುಗಳ ಧೂಳು ಕೊಡವಿ ಒಂದೇ ಪುಸ್ತಕಕ್ಕೆ ತಂದದ್ದು ಆಡಳಿತದ ದೃಷ್ಟಿಯಿಂದ ಒಳ್ಳೆಯ ಕೆಲಸವೇ. ಆದರೆ ಅಧಿಕಾರಿಯ ಆದೇಶದ ವಿರುದ್ಧ ಸ್ವತಂತ್ರ ಮೇಲ್ಮನವಿಯ ವ್ಯವಸ್ಥೆಯೊಂದನ್ನು ಕಟ್ಟಲು ಸಿಕ್ಕಿದ್ದ ಅವಕಾಶವನ್ನು ಸಂಸತ್ತು ಬಳಸಿಕೊಳ್ಳಲಿಲ್ಲವೆಂಬುದೂ ಅಷ್ಟೇ ನಿಜ.

ನಿತ್ಯದ ಮಟ್ಟದಲ್ಲಿ ಈ ಕಾನೂನು ಕಾಣಿಸಿಕೊಳ್ಳುವುದು ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯ ಮೂಲಕ, ಜನರ ಬಾಯಲ್ಲಿ ಎಫ್‌ಆರ್‌ಆರ್‌ಒ. ಬೆಂಗಳೂರಿನಲ್ಲಿ ಅದಕ್ಕೆ ಪ್ರತ್ಯೇಕ ಕಚೇರಿಯಿದ್ದರೆ ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಪೊಲೀಸ್ ವರಿಷ್ಠಾಧಿಕಾರಿಗಳೇ ನೋಂದಣಾಧಿಕಾರಿಗಳು. ದೀರ್ಘಾವಧಿಯ ವೀಸಾದ ಮೇಲೆ ಬಂದವರು ಬಂದ 14 ದಿನಗಳೊಳಗೆ ಅಲ್ಲಿ ನೋಂದಾಯಿಸಿಕೊಳ್ಳಬೇಕಾಗುತ್ತದೆ. ವಿದೇಶಿಯೊಬ್ಬರನ್ನು ಇರಿಸಿಕೊಂಡ ಹೋಟೆಲ್, ಹಾಸ್ಟೆಲ್ ಅಥವಾ ಬಾಡಿಗೆ ಮನೆಯ ಮಾಲೀಕರು 24 ಗಂಟೆಗಳೊಳಗೆ ನಿಗದಿತ ನಮೂನೆಯನ್ನು ಆನ್‌ಲೈನ್‌ನಲ್ಲಿ ತುಂಬಿ ಕಳುಹಿಸಬೇಕು. ವಿಶ್ವವಿದ್ಯಾಲಯಗಳಿಗೂ ಆಸ್ಪತ್ರೆಗಳಿಗೂ ಇದೇ ಬಗೆಯ ಹೊಣೆಯಿದೆ. ಹೀಗಾಗಿ ಮೈಸೂರಿನಲ್ಲಿ ಓದಲು ಬಂದ ಪರದೇಶದ ವಿದ್ಯಾರ್ಥಿಗೆ ಬಾಡಿಗೆಗೆ ಕೋಣೆ ಸಿಗುವುದು ಬಿಡುವುದು ಎಷ್ಟೋ ಸಲ ಮನೆಯೊಡೆಯರು ಈ ನಮೂನೆಯ ರಗಳೆಯನ್ನು ಮೈಮೇಲೆ ಹಾಕಿಕೊಳ್ಳಲು ಒಪ್ಪುತ್ತಾರೋ ಇಲ್ಲವೋ ಎಂಬುದರ ಮೇಲೆಯೇ ನಿಂತಿರುತ್ತದೆ. ಕಾನೂನು ಯಾರಿಗೂ ಕೋಣೆ ಕೊಡಬೇಡಿರೆಂದು ಹೇಳಿಲ್ಲ; ಕೊಡುವವರಿಗೆ ಒಂದು ಕೆಲಸ ಹೆಚ್ಚಿಸಿದೆ, ಅಷ್ಟರಲ್ಲೇ ಬಾಗಿಲು ಅರ್ಧ ಮುಚ್ಚುತ್ತದೆ.

ಸಾಮಾನ್ಯ ಅಪರಾಧ ಪ್ರಕರಣಕ್ಕೂ ವಿದೇಶಿಯರ ಪ್ರಕರಣಕ್ಕೂ ಇರುವ ದೊಡ್ಡ ವ್ಯತ್ಯಾಸ ರುಜುವಾತಿನ ಹೊಣೆಯದು, ಅಂದರೆ ವಿಷಯವನ್ನು ಸಾಬೀತುಪಡಿಸುವ ಭಾರ ಯಾರ ಹೆಗಲ ಮೇಲಿದೆ ಎಂಬುದು. ಕಳ್ಳತನದ ಆರೋಪವನ್ನು ಸಾಬೀತುಪಡಿಸಬೇಕಾದವರು ಪೊಲೀಸರು. ವಿದೇಶಿಯೆಂಬ ಆರೋಪ ಬಂದಾಗ ಮಾತ್ರ ತಾನು ವಿದೇಶಿಯಲ್ಲವೆಂದು ಆರೋಪಕ್ಕೆ ಒಳಗಾದವನೇ ತೋರಿಸಬೇಕು. 1946ರ ಕಾನೂನಿನ ಒಂಬತ್ತನೆಯ ಸೆಕ್ಷನ್ನಿನಲ್ಲಿದ್ದ ಈ ನಿಯಮವನ್ನು ಹೊಸ ಅಧಿನಿಯಮವೂ ಉಳಿಸಿಕೊಂಡಿದೆ. ಅಸ್ಸಾಮಿನಲ್ಲಿ ಈ ಭಾರವನ್ನು ಸರ್ಕಾರದತ್ತ ವಾಲಿಸಿದ್ದ 1983ರ ವಿಶೇಷ ಕಾನೂನನ್ನು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಅಸಿಂಧುಗೊಳಿಸಿದ ಬಳಿಕ, ಅಜ್ಜನ ಹೆಸರಿನ ಒಂದು ಒತ್ತಕ್ಷರ, ಮತದಾರರ ಎರಡು ಪಟ್ಟಿಗಳ ನಡುವೆ ಹೊಂದದ ವಯಸ್ಸು ಇವೇ ಒಂದು ಕುಟುಂಬವನ್ನು ವಿದೇಶಿಯರ ನ್ಯಾಯಮಂಡಳಿಯ ಮುಂದೆ ನಿಲ್ಲಿಸಲು ಸಾಕಾದವು. 2024ರಲ್ಲಿ ಅಂಥದ್ದೇ ಒಂದು ಪ್ರಕರಣದಲ್ಲಿ ವ್ಯಕ್ತಿಯ ಪೌರತ್ವವನ್ನು ಮರಳಿಸಿದ ನ್ಯಾಯಾಲಯ, ಕೈಯಲ್ಲಿ ಯಾವ ಆಧಾರವೂ ಇಲ್ಲದೆ ದಾರಿಯಲ್ಲಿ ಹೋಗುವವನನ್ನು ಹಿಡಿದು ನಿನ್ನ ಪೌರತ್ವ ಸಾಬೀತುಪಡಿಸೆಂದು ಕೇಳಲು ಕಾನೂನು ಅವಕಾಶ ಕೊಡುವುದಿಲ್ಲವೆಂದೂ, ಅಕ್ಷರಗಳ ಸಣ್ಣಪುಟ್ಟ ವ್ಯತ್ಯಾಸವನ್ನೇ ದೊಡ್ಡದು ಮಾಡಬಾರದೆಂದೂ ಸ್ಪಷ್ಟಪಡಿಸಿತು. ಓದು ಬರಹ ತಡವಾಗಿ ಬಂದ ಊರುಗಳಲ್ಲಿ ಹೆಸರನ್ನು ಬರೆದವನು ಗುಮಾಸ್ತ, ಹೊತ್ತವನು ಮನೆಯ ಯಜಮಾನ. ತಪ್ಪಿನ ದಂಡ ಮಾತ್ರ ಮೊಮ್ಮಗನಿಗೆ.

ವಿದೇಶಿಯೆಂದು ತೀರ್ಮಾನವಾದ ಮೇಲೆ ಬರುವುದು ಬಂಧನ ಮತ್ತು ಗಡೀಪಾರು. ಇದು ಶಿಕ್ಷೆಯಲ್ಲ, ಹೊರಗೆ ಕಳುಹಿಸುವವರೆಗಿನ ವ್ಯವಸ್ಥೆ ಮಾತ್ರವೆಂದು ಕಾನೂನು ಹೇಳುತ್ತದೆ. ಕರ್ನಾಟಕದಲ್ಲಿ ಅದಕ್ಕಾಗಿ ನೆಲಮಂಗಲದ ಸಮೀಪದ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯವಾಗಿದ್ದ ಕಟ್ಟಡವೊಂದನ್ನು ಮಾರ್ಪಡಿಸಲಾಯಿತು. ತೊಡಕು ಬರುವುದು, ಯಾವ ದೇಶಕ್ಕೆ ಕಳುಹಿಸಬೇಕೋ ಆ ದೇಶ ಅವನನ್ನು ತನ್ನವನೆಂದು ಒಪ್ಪದಿದ್ದಾಗ. ಅಸ್ಸಾಮಿನ ಕೇಂದ್ರವೊಂದರಲ್ಲಿ 63 ಜನರನ್ನು ವಿಳಾಸ ತಿಳಿಯದೆಂಬ ಕಾರಣಕ್ಕೆ ಗಡೀಪಾರು ಮಾಡದೆ ಇಟ್ಟುಕೊಂಡಿದ್ದ ರಾಜ್ಯ ಸರ್ಕಾರವನ್ನು 2025ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ಮುಹೂರ್ತಕ್ಕಾಗಿ ಕಾಯುತ್ತಿದ್ದೀರಾ ಎಂಬ ಧಾಟಿಯಲ್ಲಿ ತರಾಟೆಗೆ ತೆಗೆದುಕೊಂಡು, ಯಾರನ್ನೂ ಕೊನೆಯಿಲ್ಲದೆ ಕೂಡಿಹಾಕುವುದು 21ನೆಯ ವಿಧಿಗೆ ವಿರುದ್ಧವೆಂದು ನೆನಪಿಸಿತು. ಬಂಧನದಲ್ಲಿರುವವರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕು ಇದೆಯೆಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು ಅಭಿರಕ್ಷೆಯಲ್ಲಿರುವ ವ್ಯಕ್ತಿಯ ಬಗ್ಗೆ ಮಾತನಾಡುತ್ತದೆಯೇ ಹೊರತು ಅವನ ಪೌರತ್ವವನ್ನು ಕೇಳುವುದಿಲ್ಲ. ಹಾಗೆಯೇ 2009ರ ಶಿಕ್ಷಣ ಹಕ್ಕು ಕಾನೂನು ಹೇಳುವುದು ಆರರಿಂದ ಹದಿನಾಲ್ಕು ವರ್ಷದ ‘ಪ್ರತಿಯೊಂದು ಮಗು’ವಿನ ಬಗ್ಗೆ.

ಇಷ್ಟರಲ್ಲಿ ಎಲ್ಲಿಯೂ ನಿರಾಶ್ರಿತ ಎಂಬ ವರ್ಗ ಬಾರದಿರುವುದನ್ನು ಗಮನಿಸಬೇಕು. ಕಿರುಕುಳಕ್ಕೆ ಹೆದರಿ ದೇಶ ತೊರೆದವನನ್ನು ಜೀವಭಯವಿರುವ ಜಾಗಕ್ಕೆ ಮರಳಿ ತಳ್ಳಬಾರದೆಂಬ ತತ್ವವನ್ನು ಒಳಗೊಂಡಿರುವ 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಡಂಬಡಿಕೆಗಾಗಲಿ, 1967ರ ಪೂರಕ ಒಪ್ಪಂದಕ್ಕಾಗಲಿ ಭಾರತ ಸಹಿ ಹಾಕಿಲ್ಲ. ದೇಶದೊಳಗೆ ಪ್ರತ್ಯೇಕ ನಿರಾಶ್ರಿತರ ಕಾನೂನೂ ಇಲ್ಲ. ಸಹಿ ಹಾಕದ ಈ ದೇಶ, ಸಹಿ ಹಾಕಿದ ಎಷ್ಟೋ ದೇಶಗಳಿಗಿಂತ ಹೆಚ್ಚು ಜನರಿಗೆ ಆಶ್ರಯ ಕೊಟ್ಟಿದೆಯೆಂಬುದೂ ಸುಳ್ಳಲ್ಲ. ಆದರೆ ಕೊಟ್ಟದ್ದೆಲ್ಲ ಆಯಾ ಕಾಲದ ಸರ್ಕಾರದ ಔದಾರ್ಯದಿಂದ, ಆದೇಶದ ಮೇಲೆ ಆದೇಶವಾಗಿ ಬಂದದ್ದು. ಔದಾರ್ಯಕ್ಕೆ ಕೃತಜ್ಞತೆ ಸಲ್ಲಿಸಬಹುದು, ಅದನ್ನು ಹಿಡಿದು ದಾವೆ ಹೂಡಲಾಗದು. ಇದರ ಪರಿಣಾಮ ಏನೆಂದು ತಿಳಿಯಲು ಕರ್ನಾಟಕದೊಳಗಿನ ಮೂರು ನೆಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು.

ಮೊದಲನೆಯದು ದಕ್ಷಿಣ ಕನ್ನಡದ ಸುಳ್ಯ ಮತ್ತು ಪುತ್ತೂರು ತಾಲ್ಲೂಕುಗಳ ರಬ್ಬರ್ ತೋಟಗಳು. ಸಿಲೋನಿನ ಚಹಾ ತೋಟಗಳಿಗೆ ಬ್ರಿಟಿಷರ ಕಾಲದಲ್ಲಿ ಹೋಗಿ, ಸ್ವಾತಂತ್ರ್ಯದ ನಂತರ ಆ ದೇಶದ ಪೌರತ್ವವನ್ನೂ ಪಡೆಯದೆ ನಡುವೆ ಉಳಿದ ತಮಿಳು ಕಾರ್ಮಿಕರ ಬಗ್ಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಒಪ್ಪಂದ ಮಾಡಿಕೊಂಡಾಗ, 5,25,000 ಜನರನ್ನು ಭಾರತ ತನ್ನ ನಾಗರಿಕರೆಂದು ಸ್ವೀಕರಿಸಲು ಒಪ್ಪಿತು. ಹಾಗೆ ಮರಳಿದವರ ಒಂದು ಪಾಲಿಗೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಮುಂಜಾವದಲ್ಲಿ ಮರಕ್ಕೆ ಗೀರು ಹಾಕಿ ಹಾಲು ಇಳಿಸುವ ಆ ಕೆಲಸ ಸುಲಭದ್ದಾಗಿರಲಿಲ್ಲ, ಜಾತಿ ಪ್ರಮಾಣಪತ್ರಕ್ಕಾಗಿ ಅವರು ಕಚೇರಿಯಿಂದ ಕಚೇರಿಗೆ ಅಲೆದದ್ದೂ ಉಂಟು. ಆದರೂ ಅವರು ಬಂದದ್ದು ಒಪ್ಪಂದದ ಬಲದ ಮೇಲೆ, ಮತದಾನದ ಹಕ್ಕಿನೊಂದಿಗೆ.

ಎರಡನೆಯದು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಆರ್‌.ಎಚ್‌. ಕ್ಯಾಂಪುಗಳು, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂ ಕುಟುಂಬಗಳಿಗೆ ತುಂಗಭದ್ರಾ ಅಚ್ಚುಕಟ್ಟಿನ ಸೀಮೆಯಲ್ಲಿ ಕೇಂದ್ರ ಸರ್ಕಾರ ಪುನರ್ವಸತಿ ಕಲ್ಪಿಸಿದ ಜಾಗ. ಇಲ್ಲಿ ಭೂಮಿ ಸಿಕ್ಕಿತು, ಭತ್ತದ ಬೇಸಾಯ ನಿಂತಿತು, ಆದರೆ ಹಲವರ ಪೌರತ್ವದ ಪ್ರಶ್ನೆ ಮಾತ್ರ ದಶಕಗಟ್ಟಲೆ ತೂಗಾಡಿತು. 1971ರ ಮಾರ್ಚ್ 25ಕ್ಕೆ ಮುಂಚೆ ಬಂದವರಿಗೆ ದಾರಿ ತೋರುವ 1955ರ ಪೌರತ್ವ ಅಧಿನಿಯಮದ 6ಎ ಸೆಕ್ಷನ್, ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ನಾಲ್ಕು–ಒಂದರ ಬಹುಮತದಿಂದ ಎತ್ತಿಹಿಡಿದದ್ದು, ಅಸ್ಸಾಮಿಗೆ ಮಾತ್ರ ಸಂಬಂಧಿಸಿದ್ದರಿಂದ ಸಿಂಧನೂರಿಗೆ ಅದರ ಉಪಯೋಗವಿರಲಿಲ್ಲ. 2019ರ ತಿದ್ದುಪಡಿಯು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಕೊನೆಯೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ ಮತ್ತು ಕ್ರೈಸ್ತರನ್ನು ‘ಅಕ್ರಮ ವಲಸಿಗ’ರ ವ್ಯಾಖ್ಯೆಯಿಂದ ಹೊರತೆಗೆದು, ದೇಶೀಕರಣಕ್ಕೆ, ಅಂದರೆ ದೀರ್ಘ ವಾಸದ ಆಧಾರದ ಮೇಲೆ ಪೌರತ್ವ ಪಡೆಯುವುದಕ್ಕೆ, ಬೇಕಾದ ಹನ್ನೊಂದು ವರ್ಷಗಳ ವಾಸವನ್ನು ಐದಕ್ಕೆ ಇಳಿಸಿತು, 2024ರ ಮಾರ್ಚ್‌ನಲ್ಲಿ ಅದರ ನಿಯಮಗಳು ಬಂದ ಮೇಲೆ ಈ ಕ್ಯಾಂಪುಗಳ ಕೆಲವರಿಗೆ ಪ್ರಮಾಣಪತ್ರ ದೊರೆಯಿತು. ಧರ್ಮವನ್ನು ಅಳತೆಗೋಲಾಗಿಸಿದ ಆ ತಿದ್ದುಪಡಿ ಸಂವಿಧಾನದ 14ನೆಯ ವಿಧಿಗೆ ಹೊಂದುತ್ತದೆಯೇ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಕಟ್ಟೆ ಹತ್ತಿದೆ.

ಮೂರನೆಯದು ಎಲ್ಲರೂ ಬಲ್ಲ ಬೈಲಕುಪ್ಪೆ. 1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದ ಬೆನ್ನಿಗೇ ಬಂದ ಟಿಬೆಟನ್ನರಿಗೆ ನೆಲೆ ಹುಡುಕುತ್ತಿದ್ದ ನೆಹರೂ ಅವರ ಕರೆಗೆ ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಸುಮಾರು ಮೂರು ಸಾವಿರ ಎಕರೆ ಕಾಡುಭೂಮಿಯನ್ನು ಕೊಟ್ಟಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯಗಳಲ್ಲೂ ನೆಲೆಗಳಾದವು. ಅಕ್ಕಪಕ್ಕದವರು ಇಂದಿಗೂ ಕ್ಯಾಂಪು ಎಂದೇ ಕರೆಯುವ ಈ ಊರುಗಳಲ್ಲಿ ಸೆರಾ, ದ್ರೇಪುಂಗ್, ಗಾಂದೆನ್‌ನಂಥ ಮಹಾವಿಹಾರಗಳು ಮತ್ತೆ ಎದ್ದವು, ಮುಸುಕಿನ ಜೋಳ ಬೆಳೆಯಿತು, ಚಳಿಗಾಲದಲ್ಲಿ ಸ್ವೆಟರ್ ಮಾರಲು ಊರೂರಿಗೆ ಹೋಗುವ ವ್ಯಾಪಾರ ಬೇರೂರಿತು. ಆದರೂ ಇಲ್ಲಿನ ಬಹುಪಾಲು ಜನ ಕಾನೂನಿನ ಕಣ್ಣಿನಲ್ಲಿ ವಿದೇಶಿಯರೇ. ಅವರ ಬಳಿಯಿರುವುದು ಆರ್‌ಸಿ ಎಂದು ಕರೆಯಲಾಗುವ ನೋಂದಣಿ ಪ್ರಮಾಣಪತ್ರ, ಕಾಲಕಾಲಕ್ಕೆ ನವೀಕರಿಸಬೇಕಾದದ್ದು. ಹೊರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟಿಗೆ ಬದಲಾಗಿ ಹಳದಿ ಹೊದಿಕೆಯ ಗುರುತಿನ ಪುಸ್ತಕ. 2019ರ ತಿದ್ದುಪಡಿಯ ಪಟ್ಟಿಯಲ್ಲಿ ಬೌದ್ಧರ ಹೆಸರಿದ್ದರೂ ಟಿಬೆಟ್ ಆ ಮೂರು ದೇಶಗಳಲ್ಲಿ ಒಂದಲ್ಲವಾದ್ದರಿಂದ ಅದೂ ಇವರಿಗೆ ಒದಗುವುದಿಲ್ಲ.

ಇವರೊಳಗೇ ಒಂದು ಗೆರೆ ಎಳೆದದ್ದು ಜನನದ ದಿನಾಂಕ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದ ನೆಲದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಇರಲಿ, ಹುಟ್ಟಿನಿಂದಲೇ ನಾಗರಿಕರು. ಆಮೇಲೆ 2004ರ ಡಿಸೆಂಬರ್ 2ರವರೆಗೆ ಹುಟ್ಟಿದವರಿಗೆ ತಂದೆತಾಯಿಯರಲ್ಲಿ ಒಬ್ಬರು ನಾಗರಿಕರಾಗಿರಬೇಕು. ಅದರಿಂದೀಚೆಗೆ ಇಬ್ಬರೂ ನಾಗರಿಕರಾಗಿರಬೇಕು, ಇಲ್ಲವೇ ಒಬ್ಬರು ನಾಗರಿಕರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಕಾನೂನು ಹೀಗಿದ್ದರೂ ಟಿಬೆಟನ್ನರಿಗೆ ಪಾಸ್‌ಪೋರ್ಟ್ ನಿರಾಕರಿಸುವುದೇ ರೂಢಿಯಾಗಿತ್ತು. 1986ರಲ್ಲಿ ಕಾಂಗ್ಡಾದಲ್ಲಿ ಹುಟ್ಟಿದ ನಾಮ್‌ಗ್ಯಾಲ್ ದೋಲ್ಕರ್ ದೆಹಲಿ ಹೈಕೋರ್ಟಿಗೆ ಹೋದಾಗ, ಅರ್ಜಿಯಲ್ಲಿ ತನ್ನನ್ನು ಟಿಬೆಟನ್ ಎಂದು ಬರೆದುಕೊಂಡ ಮಾತ್ರಕ್ಕೆ ಹುಟ್ಟಿನಿಂದ ಬಂದ ಪೌರತ್ವ ಕಳೆದುಹೋಗುವುದಿಲ್ಲವೆಂದು 2010ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. 2013ರ ಆಗಸ್ಟ್‌ನಲ್ಲಿ ಲಿಂಗ್ ರಿಂಪೋಚೆಯವರ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟೂ ಅದನ್ನೇ ಹೇಳಿತು. ಮರುವರ್ಷ ಚುನಾವಣಾ ಆಯೋಗ ಈ ಅವಧಿಯಲ್ಲಿ ಹುಟ್ಟಿದವರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳಲು ಸೂಚಿಸಿತು, 2017ರಲ್ಲಿ ವಿದೇಶಾಂಗ ಸಚಿವಾಲಯ ಪಾಸ್‌ಪೋರ್ಟ್ ಕೊಡಲು ಒಪ್ಪಿತು. ಆದರೆ ಬೆನ್ನಿಗೇ, ಪಾಸ್‌ಪೋರ್ಟ್ ಬೇಕಾದವರು ಆರ್‌ಸಿ ಹಿಂದಿರುಗಿಸಬೇಕು, ಟಿಬೆಟನ್ ನೆಲೆಗಳಲ್ಲಿ ವಾಸಿಸಬಾರದು, ಅಲ್ಲಿನ ಸವಲತ್ತುಗಳನ್ನು ಬಿಡಬೇಕೆಂಬ ಷರತ್ತುಗಳೂ ಬಂದವು. ಹುಟ್ಟಿನಿಂದ ನಾಗರಿಕನಾದವನಿಗೆ ಹುಟ್ಟಿದ ಮನೆಯಲ್ಲಿ ಇರಬಾರದೆಂದು ಹೇಳುವ ಈ ಷರತ್ತು ವಿಚಿತ್ರವಷ್ಟೇ ಅಲ್ಲ, ತರ್ಕಕ್ಕೂ ನಿಲುಕದ್ದು. ಒಂದೇ ಮನೆಯಲ್ಲಿ 1987ರ ಮೇ ತಿಂಗಳಲ್ಲಿ ಹುಟ್ಟಿದ ಅಣ್ಣ ಮತ ಹಾಕಬಲ್ಲ. ಎರಡು ವರ್ಷದ ಬಳಿಕ ಅದೇ ಕೋಣೆಯಲ್ಲಿ ಹುಟ್ಟಿ, ಅದೇ ಶಾಲೆಯಲ್ಲಿ ಓದಿ, ಸಂತೆಯಲ್ಲಿ ಅಷ್ಟೇ ಸಲೀಸಾಗಿ ಕನ್ನಡದಲ್ಲಿ ಚೌಕಾಸಿ ಮಾಡುವ ತಂಗಿ ವಿದೇಶಿ.

ಹೊರಗೆ ಹೋದ ಕನ್ನಡಿಗರಿಗೆ ಈ ಸ್ಥಿತಿ ಅಪರಿಚಿತವೇನಲ್ಲ. ಅಮೆರಿಕದ ಉದ್ಯೋಗಾಧಾರಿತ ಗ್ರೀನ್ ಕಾರ್ಡುಗಳು ವರ್ಷಕ್ಕೆ ಸುಮಾರು 1,40,000. ಅದರಲ್ಲಿ ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲುವಂತಿಲ್ಲವೆಂಬ ನಿಯಮದಿಂದಾಗಿ, ಎಚ್‌-1ಬಿ ವೀಸಾದ ಮೇಲೆ ಹೋದ ಬೆಂಗಳೂರಿನ ಎಂಜಿನಿಯರು ಮನೆ ಕೊಂಡು ತೆರಿಗೆ ಕಟ್ಟಿ ಮಕ್ಕಳನ್ನು ಬೆಳೆಸಿದ ಮೇಲೂ ಸರದಿಯಲ್ಲೇ ನಿಂತಿರುತ್ತಾನೆ. ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ಹೋದ ಅನೇಕರ ವಾಸ್ತವ್ಯ ‘ಕಫಾಲಾ’ ಪದ್ಧತಿಯಲ್ಲಿ, ಅಂದರೆ ಉದ್ಯೋಗ ಕೊಟ್ಟವನ ಜಾಮೀನಿನ ಮೇಲೆ ನಿಂತಿರುತ್ತದೆ. ಕೆಲಸ ಹೋದರೆ ನೆಲೆಯೂ ಹೋಗುತ್ತದೆ. ಅಲ್ಲಿ ಅನ್ಯಾಯವೆನಿಸುವುದು ಇಲ್ಲಿಯೂ ಅನ್ಯಾಯವೇ ಎಂದು ಒಪ್ಪಲು ಮಾತ್ರ ನಮ್ಮ ಸಾರ್ವಜನಿಕ ಚರ್ಚೆ ಹಿಂಜರಿಯುತ್ತದೆ.

ಮತ್ತೆ ಇಲ್ಲಿನ ಕಾನೂನಿಗೆ ಬಂದರೆ, 2025ರ ಅಧಿನಿಯಮದ ಜೊತೆಗೆ ಹೊರಟ ವಿನಾಯಿತಿ ಆದೇಶವು, ನಿಗದಿತ ಪರವಾನಗಿಯೊಂದಿಗೆ 2003ರ ಮೇ 30ಕ್ಕೆ ಮುಂಚೆ ಬಂದು ನೋಂದಾಯಿಸಿಕೊಂಡ ಟಿಬೆಟನ್ನರನ್ನೂ, 2015ರ ಜನವರಿ 9ರೊಳಗೆ ಆಶ್ರಯ ಪಡೆದ ನೋಂದಾಯಿತ ಶ್ರೀಲಂಕಾ ತಮಿಳರನ್ನೂ, ನೆರೆಯ ಮೂರು ದೇಶಗಳ ಆರು ಸಮುದಾಯಗಳಲ್ಲಿ 2024ರ ಕೊನೆಯೊಳಗೆ ಬಂದವರನ್ನೂ ದಾಖಲೆಯಿಲ್ಲದ ಪ್ರವೇಶದ ಶಿಕ್ಷೆಯಿಂದ ಹೊರಗಿಟ್ಟಿದೆ. ಇದು ಶಿಕ್ಷೆಯಿಂದ ವಿನಾಯಿತಿಯೇ ಹೊರತು ನೆಲೆಸುವ ಹಕ್ಕಲ್ಲ, ಮತ್ತು ಅಧಿಸೂಚನೆಯಿಂದ ಬಂದದ್ದನ್ನು ಇನ್ನೊಂದು ಅಧಿಸೂಚನೆ ಬದಲಿಸಬಹುದು. ಬೈಲಕುಪ್ಪೆಯ ಹೊಲಗಳ ವಿಷಯದಲ್ಲೂ ಹಾಗೆಯೇ: 2014ರ ಟಿಬೆಟನ್ ಪುನರ್ವಸತಿ ನೀತಿಯು ನೆಲೆಗಳ ಭೂಮಿಯನ್ನು ಕುಟುಂಬಗಳಿಗೆ ಗುತ್ತಿಗೆಗೆ ಕೊಡುವಂತೆ ರಾಜ್ಯಗಳಿಗೆ ಸೂಚಿಸಿತು; ಗುತ್ತಿಗೆಯ ಅವಧಿ 20 ವರ್ಷ, ಅಥವಾ ಸರ್ಕಾರ ಅದಕ್ಕೂ ಮೊದಲೇ ರದ್ದುಪಡಿಸಿದರೆ ಅಲ್ಲಿಯವರೆಗೆ.